ಪೆಂಗ್ವಿನ್ ಹಕ್ಕಿಯನ್ನು ಮನೆ ತುಂಬಿಸಿಕೊಂಡದ್ದು

ನಮ್ಮ ಮನೆಗೆ ಲ್ಯಾಪ್‌ಟಾಪು ಬಂದದ್ದು 2013ರ ಯುಗಾದಿಯ ಹೊತ್ತಿಗೆ. ಆಗ ಮಗ ಇಂಜಿನಿಯರಿಂಗ್ ಓದುತ್ತಿದ್ದ. ಅವನ ಓದು ಮುಗಿದು, ನೌಕರಿ ಸಿಕ್ಕಿ, ಕಂಪನಿಯವರೇ ಹೊಸ ಲ್ಯಾಪ್‌ಟಾಪು ಕೊಟ್ಟ ಮೇಲೆ ಇದು ಅವನ ಹಳೆಯ ಸ್ವೆಟರು, ಟೇಬಲ್ ಲ್ಯಾಂಪುಗಳ ಜೊತೆಗೆ ನನ್ನ ಪಾಲಿಗೆ ಬಂತು. ಚಿಕ್ಕವಳಿದ್ದಾಗ ಅಕ್ಕನಿಗೆ ಗಿಡ್ಡವಾದ ಲಂಗ ನನಗೆ ಬರುತ್ತಿತ್ತು. ಈಗ ಮಗನಿಗೆ ಗಿಡ್ಡವಾದದ್ದು ಬರುತ್ತದೆ. ಒಟ್ಟಿನಲ್ಲಿ ಹೊಸದನ್ನು ತೊಡುವ ಯೋಗ ನನ್ನ ಜಾತಕದಲ್ಲಿ ಇಲ್ಲವೆಂದು ಕಾಣುತ್ತದೆ. ಇರಲಿ, ನನಗೇನೂ ದೂರಿಲ್ಲ. ಆ ಲ್ಯಾಪ್‌ಟಾಪಿನ ಒಂದು ಕೀಲು ಸಡಿಲವಾಗಿದೆ, ಕೀಲಿಮಣೆಯ ಮೇಲಿನ ‘ಎ’ ಅಕ್ಷರ ಸವೆದು ಅಳಿಸಿಹೋಗಿದೆ. ಆದರೂ ಅದನ್ನು ನಾನು ಜೋಪಾನ ಮಾಡುವುದಕ್ಕೆ ಕಾರಣವಿದೆ. ಅದರೊಳಗೆ ನಮ್ಮ ಅಮ್ಮ ಇದ್ದಾಳೆ.

ಅಮ್ಮ ಎಂದರೆ ಅಮ್ಮನ ಹಾಡು. 2016ರ ಬೇಸಿಗೆಯಲ್ಲಿ ತವರಿಗೆ ಹೋದಾಗ ಹತ್ತು ದಿನ ಅವಳನ್ನು ಕೂರಿಸಿಕೊಂಡು, ಎದುರಿಗೆ ಮಣೆಯ ಮೇಲೆ ಮೊಬೈಲ್ ಇಟ್ಟು ಹಾಡಿಸಿದ್ದೆ. ಎಣ್ಣೆ ಶಾಸ್ತ್ರದ ಹಾಡು, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಂಗಿಸುವ ಹಾಡು, ಹೆಣ್ಣು ಒಪ್ಪಿಸುವ ಹಾಡು, ಹೀಗೆ ಒಟ್ಟು 27. ನಡುನಡುವೆ ಅಮ್ಮ ಕೆಮ್ಮುತ್ತಾಳೆ, “ಒಂಚೂರು ನೀರು ಕೊಡೇ” ಎನ್ನುತ್ತಾಳೆ. ಹಿತ್ತಲಿನಲ್ಲಿ ಕರು ಕೂಗುತ್ತದೆ. ಹಸೆಗೆ ಕರೆಯುವ ಹಾಡಿನ ನಡುವೆ ಕುಕ್ಕರ್ ಮೂರು ಸಲ ಸೀಟಿ ಹಾಕುತ್ತದೆ. ಆಗ ಅಮ್ಮ ರಾಗ ಬಿಡದೆಯೇ ಕೈಸನ್ನೆ ಮಾಡಿ ನನ್ನನ್ನು ಒಲೆಯ ಕಡೆಗೆ ಓಡಿಸಿದ್ದು ಕೇಳುವವರಿಗೆ ತಿಳಿಯುವುದಿಲ್ಲ, ನನಗೆ ಮಾತ್ರ ಗೊತ್ತು. 2018ರಲ್ಲಿ ಅಮ್ಮ ಹೋದಳು. ಹಾಡು ಹಿಡಿದ ಮೊಬೈಲೂ ಮರುವರ್ಷವೇ ಕಣ್ಣು ಮುಚ್ಚಿತು. ಪುಣ್ಯಕ್ಕೆ ಅಷ್ಟರಲ್ಲಿ ಹಾಡುಗಳು ಲ್ಯಾಪ್‌ಟಾಪಿಗೆ ಸೇರಿದ್ದವು. 11 ಹಾಡುಗಳನ್ನು ಕೇಳಿ ಕೇಳಿ ಟೈಪು ಮಾಡಿಟ್ಟಿದ್ದೆ. ಉಳಿದ 16 ಹಾಗೆಯೇ ಇದ್ದವು. ಹಪ್ಪಳ ಸಂಡಿಗೆಗೆ ಬಿಸಿಲು ಕಾದು ಕೂರುವ ನಾನು ಇದಕ್ಕೆ ಮಾತ್ರ ನಾಳೆ ನಾಡಿದ್ದು ಎನ್ನುತ್ತಾ ಏಳು ವರ್ಷ ಕಳೆದಿದ್ದೆ.

2025ರ ದೀಪಾವಳಿಗೆ ಬಂದ ಅಕ್ಕ ಮಗಳ ಮದುವೆ ಗೊತ್ತಾದ ಸುದ್ದಿ ತಂದಳು. ಡಿಸೆಂಬರಿನ ಮೊದಲ ವಾರ ಮುಹೂರ್ತ. “ಅಮ್ಮನ ಹಾಡನ್ನೇ ಹಾಡ್ಸೋಣ ಕಣೇ. ಹುಡುಗೀರಿಗೆಲ್ಲ ನೋಡ್ಕೊಂಡು ಹಾಡೋಕೆ ಆಗೋ ಹಾಗೆ ಬರ್ದು ಕೊಡು. ಇನ್ನೂ ಒಂದೂವರೆ ತಿಂಗಳಿದೆಯಲ್ಲ” ಎಂದಳು. ನಾನು ಹೂಂ ಎಂದೆ. ಲ್ಯಾಪ್‌ಟಾಪು ಹೂಂ ಎನ್ನಬೇಕಲ್ಲ?

ಅದರ ಸ್ವಿಚ್ಚು ಒತ್ತಿ, ಹೂವು ಕೊಯ್ದು, ಹಾಲು ಕಾಯಿಸಿ ಬಂದರೂ ಪರದೆಯ ಮೇಲೆ ಚುಕ್ಕೆಗಳು ಗಿರಗಿರನೆ ಸುತ್ತುತ್ತಲೇ ಇರುತ್ತಿದ್ದವು. ಸಾಲದ್ದಕ್ಕೆ ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಬೆಂಬಲ ನಿಂತುಹೋಗಿತ್ತು. ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷ ದೂಡುವ ದಾರಿ ಇತ್ತೆನ್ನಿ. ಆದರೆ ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಬೇಕಂತೆ, ನಮ್ಮ ಮುದಿಯಪ್ಪನಲ್ಲಿ ಅದು ಇಲ್ಲ. ಮಗನಿಗೆ ಫೋನು ಮಾಡಿದರೆ, “ಅಮ್ಮಾ, ಅದನ್ನ ಎಸೆದು ಬಿಡು, ಹೊಸದು ಕಳಿಸ್ತೀನಿ” ಎಂದ. ಎಸೆಯುವುದಂತೆ! ನಮ್ಮವರು, “ಪೇಟೆಯ ಅಂಗಡಿಗೆ ಕೊಟ್ಟು ಬಾ ಮಾರಾಯ್ತಿ” ಎಂದರು. ಆ ಮಾತು ಕೇಳಿದ್ದೇ ನನ್ನ ಎದೆ ಧಸಕ್ಕೆಂದಿತು. 2019ರಲ್ಲಿ ನಮ್ಮವರ ಹಳೆಯ ಕಂಪ್ಯೂಟರನ್ನು ಹೀಗೆಯೇ ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆವು. ಸಂಜೆ ಹೋದರೆ ಅಲ್ಲಿಯ ಹುಡುಗ ಹೆಮ್ಮೆಯಿಂದ, “ಎಲ್ಲಾ ಫಾರ್ಮ್ಯಾಟ್ ಮಾಡಿದ್ದೀನಿ ಸರ್, ಈಗ ಫಸ್ಟ್ ಕ್ಲಾಸ್ ಓಡುತ್ತೆ” ಎಂದ. ಓಡಿತು, ನಿಜ. ಮಗನ ಉಪನಯನದ ಫೋಟೋಗಳು, ಅಪ್ಪನ ಎಪ್ಪತ್ತರ ಶಾಂತಿಯ ಫೋಟೋಗಳು ಎಲ್ಲವೂ ಅದರ ಜೊತೆಗೇ ಓಡಿಹೋಗಿದ್ದವು. ಅವನೇನು ಬೇಕೆಂದು ಮಾಡಿದ್ದಲ್ಲ. ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ, ಹೇಳಬೇಕೆಂದು ನಮಗೆ ತಿಳಿದಿರಲಿಲ್ಲ. ಅಂದೇ ನಿರ್ಧರಿಸಿದ್ದೆ, ಅಮ್ಮನನ್ನು ಮಾತ್ರ ಯಾರ ಕೈಗೂ ಕೊಡುವುದಿಲ್ಲ ಎಂದು.

ಪಕ್ಕದ ಮನೆಯ ಹುಡುಗಿ ಡಿಪ್ಲೊಮಾ ಓದುತ್ತಿದ್ದಾಳೆ, ಹಬ್ಬಕ್ಕೆ ಹಾಸ್ಟೆಲಿನಿಂದ ಬಂದಿದ್ದಳು. “ಆಂಟಿ, ಲಿನಕ್ಸ್ ಹಾಕ್ಕೊಳಿ. ದುಡ್ಡು ಕೊಡೋದು ಬೇಡ, ಹಳೇ ಮಷೀನಲ್ಲೂ ಚೆನ್ನಾಗಿ ಓಡುತ್ತೆ” ಎಂದವಳೇ ಒಂದು ಕಾಗದದ ಮೇಲೆ ಅಡುಗೆಯ ವಿಧಾನ ಬರೆದ ಹಾಗೆ ಬರೆದುಕೊಟ್ಟು ಮರುದಿನ ಬಸ್ಸು ಹತ್ತಿದಳು.

ಲಿನಕ್ಸ್ ಎಂದರೆ ಏನೆಂದು ನನಗಾಗಿಯೇ ಒಂದಿಷ್ಟು ಓದಿಕೊಂಡೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ ತನ್ನ ಹವ್ಯಾಸಕ್ಕೆಂದು ಇದರ ತಿರುಳನ್ನು ಬರೆದನಂತೆ. ಬರೆದು ಬಚ್ಚಿಡಲಿಲ್ಲ, ಯಾರು ಬೇಕಾದರೂ ನೋಡಿ, ತಿದ್ದಿ, ಸೇರಿಸಿ ಎಂದು ಹೊರಗಿಟ್ಟ. ಲೋಕದ ಸಾವಿರಾರು ಜನ ಸೇರಿಸುತ್ತಾ ಬಂದರು. ಪೆಂಗ್ವಿನ್ ಹಕ್ಕಿ ಅದರ ಗುರುತಾದದ್ದು 1996ರಲ್ಲಿ. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ಹೊಟ್ಟೆಯೊಳಗೂ ಇರುವುದು ಇದೇ ತಿರುಳು. ನಾವು ದಿನಾ ಪೆಂಗ್ವಿನ್ನನ್ನು ಪರ್ಸಿನಲ್ಲಿ ಇಟ್ಟುಕೊಂಡೇ ತರಕಾರಿಗೆ ಹೋಗುತ್ತೇವೆ, ಗೊತ್ತಿಲ್ಲ ಅಷ್ಟೆ.

ಈ ತಿರುಳಿಗೆ ಬೇರೆ ಬೇರೆಯವರು ಬೇರೆ ಬೇರೆ ಸೀರೆ ಉಡಿಸಿ ಹಂಚುತ್ತಾರೆ. ಹುಡುಗಿ ನನಗೆ ಹೇಳಿದ್ದು ಲಿನಕ್ಸ್ ಮಿಂಟ್. ಅದರ ಒಂದು ವಿಷಯ ನನಗೆ ಬಹಳ ಹಿಡಿಸಿತು. 2006ರಿಂದ ಅವರು ಹೊರತಂದ ಆವೃತ್ತಿಗಳಿಗೆಲ್ಲ ಹೆಣ್ಣುಮಕ್ಕಳ ಹೆಸರು, ಅದೂ ಅಕ್ಷರಮಾಲೆಯ ಪ್ರಕಾರ. ಮೊದಲನೆಯವಳು ಆಡಾ. ಆಮೇಲೆ ಬಾರ್ಬರಾ, ಮಾಯಾ, ತಾರಾ ಎಲ್ಲ ಬಂದು ಹೋಗಿದ್ದಾರೆ. 2021ರಲ್ಲಿ ಒಬ್ಬಳು ಉಮಾ ಕೂಡ ಇದ್ದಳು! ನನ್ನ ಪಾಲಿಗೆ ಬಂದವಳು 2025ರ ಸೆಪ್ಟೆಂಬರಿನಲ್ಲಿ ಹೊರಟ ಝಾರಾ. ಉಮೆ ಸಿಕ್ಕಿದ್ದರೆ ಇನ್ನೂ ಚೆನ್ನಿತ್ತು ಎಂದುಕೊಂಡೆ, ಸೊಸೆಯನ್ನು ಹೆಸರು ನೋಡಿ ತರಲಾಗುತ್ತದೆಯೇ.

ಅಮ್ಮನ ಹಾಡುಗಳನ್ನು ಒಂದು ಪೆನ್‌ಡ್ರೈವಿಗೆ ತುಂಬಿದೆ. 27 ಇದೆಯೇ ಎಂದು ಎಣಿಸಿದೆ, ಇತ್ತು. ಇನ್ನೊಂದು ಪೆನ್‌ಡ್ರೈವಿಗೆ ಸುಮಾರು ಮೂರು ಜಿಬಿಯಷ್ಟಿದ್ದ ಝಾರಾಳನ್ನು ಇಳಿಸಬೇಕಿತ್ತು. ಹಾಗೆ ಇಳಿಸುವಾಗ ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನಮ್ಮ ಮನೆಯ ಪೆನ್‌ಡ್ರೈವುಗಳೋ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಅವಳಿಗಳು. ಹಾಡಿನದಕ್ಕೆ ಅರಿಶಿನದ ದಾರ ಕಟ್ಟಿ ದೇವರ ಗೂಡಿನಲ್ಲಿಟ್ಟೆ. ನಮ್ಮವರು ನಕ್ಕರು. ನಗಲಿ.

2025ರ ನವೆಂಬರ್ 2, ಭಾನುವಾರ. ನವಿ ಮುಂಬಯಿಯಲ್ಲಿ ಹರ್ಮನ್‌ಪ್ರೀತ್ ಕೌರಳ ತಂಡ ದಕ್ಷಿಣ ಆಫ್ರಿಕದ ವಿರುದ್ಧ ವಿಶ್ವಕಪ್ ಫೈನಲ್ ಆಡಿದ ರಾತ್ರಿ. ಮಳೆಯಿಂದ ಆಟ ತಡವಾಗಿ ಶುರುವಾಗಿತ್ತು. ನಮ್ಮವರು ಟಿ.ವಿ.ಯ ಮುಂದೆ, ನಾನು ಊಟದ ಮೇಜಿನಲ್ಲಿ. ಪೆನ್‌ಡ್ರೈವ್ ಚುಚ್ಚಿ, ಸ್ವಿಚ್ಚು ಒತ್ತಿ, ಹುಡುಗಿ ಬರೆದಂತೆ ಎಫ್ 12 ಕೀಲಿಯನ್ನು ಒತ್ತುತ್ತಲೇ ಇದ್ದೆ. ಪರದೆ ಕಪ್ಪಾಯಿತು, ಹಸಿರಾಯಿತು, ಝಾರಾ ಬಂದೇ ಬಂದಳು! ಇದರಲ್ಲಿ ಒಂದು ಅನುಕೂಲವಿದೆ. ಒಳಗೆ ಹಾಕುವ ಮೊದಲೇ ಪೆನ್‌ಡ್ರೈವಿನಿಂದಲೇ ಓಡಿಸಿ ಎಲ್ಲ ಸರಿಯಿದೆಯೇ ಎಂದು ಪರೀಕ್ಷೆ ಮಾಡಬಹುದು, ಹೆಣ್ಣು ನೋಡುವ ಶಾಸ್ತ್ರದ ಹಾಗೆ. ನಾನು ಏನು ನೋಡಿದೆ? ಬಣ್ಣ ನೋಡಿದೆ. ಕನ್ನಡ ಬರುತ್ತದೆಯೇ ನೋಡಿದೆ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡದ ಕ.ಗ.ಪ. ವಿನ್ಯಾಸ ಇತ್ತು, ಒತ್ತಕ್ಷರಕ್ಕೆ ನನಗೆ ರೂಢಿಯಾದ ಅದೇ ಎಫ್. ಅಮ್ಮನ ಹೆಸರು ಟೈಪು ಮಾಡಿದೆ, ಚೆನ್ನಾಗಿ ಮೂಡಿತು. ಸಾಕು, ಹೆಣ್ಣು ಒಪ್ಪಿಗೆ ಎಂದುಬಿಟ್ಟೆ. ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ಕೇಳುವುದನ್ನು ಮರೆತೆ.

ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹಾಕಲೇ ಎಂದು ಅದು ಕೇಳಿದಾಗ ಕೈ ನಡುಗಿತು. ಎದ್ದು ಹೋಗಿ ದೇವರ ಗೂಡಿನಲ್ಲಿ ದಾರ ಕಟ್ಟಿದ್ದು ಇದೆಯೇ ನೋಡಿ ಬಂದು ಒತ್ತಿದೆ. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಲ್ಯಾಪ್‌ಟಾಪು ಹೂವು ಕೊಯ್ದು ತರುವುದಿರಲಿ, ಲೋಟ ತೊಳೆದಿಡುವಷ್ಟರಲ್ಲಿ ಎದ್ದು ಕೂತಿತು.

ಆಮೇಲೆ ಶುರುವಾಯಿತು ನೋಡಿ. ಮೊದಲಿಗೆ ವೈಫೈ ಇಲ್ಲ. ಇದೆಯೋ ಇಲ್ಲವೋ ಎಂದು ಹುಡುಕುವ ಗುಂಡಿಯೂ ಇಲ್ಲ. ಇದಕ್ಕೆ ಡ್ರೈವರ್ ಬೇಕು. ಡ್ರೈವರ್ ಎಂದರೆ ನಮ್ಮ ಬಸ್ಸಿನ ಡ್ರೈವರಲ್ಲ, ದುಭಾಷಿ ಎಂದರೆ ಸರಿಯಾದೀತು. ಲ್ಯಾಪ್‌ಟಾಪಿನೊಳಗಿನ ಒಂದೊಂದು ಚಿಪ್ಪಿಗೂ ಒಂದೊಂದು ಭಾಷೆ. ತಿರುಳು ಹೇಳಿದ್ದನ್ನು ಚಿಪ್ಪಿಗೆ, ಚಿಪ್ಪು ಹೇಳಿದ್ದನ್ನು ತಿರುಳಿಗೆ ತಿಳಿಸುವುದು ಡ್ರೈವರಿನ ಕೆಲಸ. ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳು ತಿರುಳಿನ ಜೊತೆಯಲ್ಲೇ ಬರುತ್ತವೆ. ಕಂಪನಿಗಳು ಗುಟ್ಟು ಬಿಟ್ಟುಕೊಡದಿದ್ದ ಕಡೆ, ಚಿಪ್ಪು ಹೇಗೆ ವರ್ತಿಸುತ್ತದೆಂದು ನೋಡಿ ನೋಡಿಯೇ ಡ್ರೈವರ್ ಬರೆದ ಪುಣ್ಯಾತ್ಮರೂ ಇದ್ದಾರೆ. ನೆರೆಮನೆಯವರು ಸಾರಿನ ಪುಡಿಯ ಹದ ಹೇಳದಿದ್ದಾಗ ನಾಲಿಗೆಯ ಮೇಲಿಟ್ಟುಕೊಂಡೇ ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು ಎಂದು ನಾವು ಕಂಡುಹಿಡಿಯುವುದಿಲ್ಲವೇ, ಹಾಗೆ. ನಮ್ಮ ವೈಫೈ ಚಿಪ್ಪಿನ ಡ್ರೈವರ್ ಮಾತ್ರ ಜೊತೆಯಲ್ಲಿ ಬರುವ ಪೈಕಿಯದಲ್ಲ, ಇಂಟರ್ನೆಟ್ಟಿನಿಂದ ತರಿಸಿಕೊಳ್ಳಬೇಕು. ಇಂಟರ್ನೆಟ್ ಬೇಕಾದರೆ ವೈಫೈ ಬೇಕು. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗಾಯಿತು.

ಹುಡುಗಿಗೆ ಫೋನು ಮಾಡಿದೆ. “ನಿಮ್ಮ ಫೋನನ್ನೇ ವೈರ್ ಹಾಕಿ ಚುಚ್ಚಿ ಆಂಟಿ, ಚಾರ್ಜರ್ ವೈರಲ್ಲೇ. ಸೆಟ್ಟಿಂಗಲ್ಲಿ ಯುಎಸ್‌ಬಿ ಟೆದರಿಂಗ್ ಅಂತ ಇರುತ್ತೆ, ಅದನ್ನ ಆನ್ ಮಾಡಿ.” ಮಾಡಿದೆ. ಫೋನಿನ ಇಂಟರ್ನೆಟ್ಟು ವೈರಿನಲ್ಲಿ ಹರಿದು ಬಂತು. ಡ್ರೈವರ್ ಮ್ಯಾನೇಜರ್ ಎಂಬುದನ್ನು ತೆರೆದರೆ, ನಿಮ್ಮ ವೈಫೈಗೆ ಇಂಥದ್ದು ಬೇಕು, ಹಾಕಲೇ ಎಂದು ಅದೇ ಕೇಳಿತು. ಹಾಕು ತಾಯಿ ಎಂದೆ. ಆರಿಸಿ ಹೊತ್ತಿಸಿದರೆ ಬೀದಿಯ ಎಲ್ಲರ ಮನೆಯ ವೈಫೈಗಳೂ ಸಾಲಾಗಿ ಕಂಡವು. ನನಗೆ ಬಂದ ಹೆಮ್ಮೆಯನ್ನು ಹೇಗೆ ಹೇಳಲಿ! ಒಳಗಿನಿಂದ ನಮ್ಮವರು “ಹೋಯ್!” ಎಂದು ಕೂಗಿದರು. ನನ್ನನ್ನೇ ಹೊಗಳಿದ್ದೆಂದು ಓಡಿದೆ. ವಿಕೆಟ್ಟು ಬಿದ್ದಿತ್ತು.

ಹಾಡುಗಳನ್ನು ಪೆನ್‌ಡ್ರೈವಿನಿಂದ ವಾಪಸು ತುಂಬಿದೆ. 27. ಹಸೆಗೆ ಕರೆಯುವ ಹಾಡನ್ನು ಒತ್ತಿದೆ. ಗೆರೆ ಮುಂದಕ್ಕೆ ಹೋಗುತ್ತಿದೆ, ನಿಮಿಷ ಸೆಕೆಂಡು ಓಡುತ್ತಿವೆ, ಸದ್ದಿಲ್ಲ. ಇನ್ನೊಂದು ಒತ್ತಿದೆ. ಸದ್ದಿಲ್ಲ. ಕಿವಿಯನ್ನು ಲ್ಯಾಪ್‌ಟಾಪಿನ ಮೇಲೇ ಇಟ್ಟೆ. ಒಳಗೆ ಫ್ಯಾನು ಸುಯ್ಯೆನ್ನುವುದು ಬಿಟ್ಟರೆ ಏನೂ ಇಲ್ಲ. ಆಗ ನೆನಪಾಯಿತು. ಪೆನ್‌ಡ್ರೈವಿಗೆ ತುಂಬಿದಾಗ ನಾನು ಎಣಿಸಿದ್ದೆನೇ ಹೊರತು ಒಂದನ್ನಾದರೂ ಹಾಕಿ ಕೇಳಿರಲಿಲ್ಲ. ಡಬ್ಬಿ ಎಣಿಸಿದ್ದೆ, ಮುಚ್ಚಳ ತೆಗೆದು ನೋಡಿರಲಿಲ್ಲ. ಅಂಗಡಿಯ ಆ ಹುಡುಗನನ್ನು ಆರು ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದೆನಲ್ಲ, ಈಗ ನಾನೇ ನನ್ನ ಕೈಯಾರೆ ಅಳಿಸಿಬಿಟ್ಟೆನೇ?

ನಡುರಾತ್ರಿ ಕಳೆದಿತ್ತು. ಭಾರತ 52 ರನ್ನುಗಳಿಂದ ಗೆದ್ದಿತು. ಬೀದಿಯಲ್ಲಿ ಪಟಾಕಿ. ನಮ್ಮವರು ಖುಷಿಯಲ್ಲಿ ಬಂದು, “ನಿಮ್ಮ ಹೆಣ್ಣುಮಕ್ಕಳು ಗೆದ್ದುಬಿಟ್ರು ಕಣೇ” ಎಂದರು. ನನ್ನ ಮುಖ ನೋಡಿ ಸುಮ್ಮನಾದರು. ನಾನು ಏನೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆಂಬ ಹೆದರಿಕೆ. ಆ ರಾತ್ರಿ ಮಲಗಿದ್ದೆನೆಂದು ಹೇಳಲಾರೆ. ಅಮ್ಮನ ದನಿಯನ್ನು ನೆನಪಿನಲ್ಲಿ ಕೇಳಿಸಿಕೊಳ್ಳಲು ನೋಡಿದೆ. ರಾಗ ಬರುತ್ತಿತ್ತು, ದನಿ ಬರಲಿಲ್ಲ. ಏಳು ವರ್ಷ ಬೇಕಾದಾಗ ಕೇಳಬಹುದೆಂಬ ಧೈರ್ಯದಲ್ಲಿ ನಾನು ಕೇಳಿಯೇ ಇರಲಿಲ್ಲವೆಂಬುದು ಆಗ ಗೊತ್ತಾಯಿತು.

ಬೆಳಗಿನ ಐದೂವರೆಗೆ ಕಾಫಿ ಸೋಸುತ್ತಿದ್ದಾಗ ಇವರಿಗೆ ಎಲ್ಲ ಹೇಳಿದೆ. ನಮ್ಮವರು ಒಂದು ಗುಟುಕು ಕುಡಿದು, “ಆ ಪೆನ್‌ಡ್ರೈವ್ ಟಿ.ವಿ.ಗೆ ಚುಚ್ಚಿ ನೋಡಿದ್ಯಾ?” ಎಂದರು. ಇಲ್ಲವಲ್ಲ! ದಾರ ಕಟ್ಟಿದ್ದನ್ನು ತಂದು ಚುಚ್ಚಿದೆ. ಹಿಂದಿನ ರಾತ್ರಿ ಕ್ರಿಕೆಟ್ಟಿಗೆಂದು ಏರಿಸಿದ್ದ ವಾಲ್ಯೂಮು ಹಾಗೆಯೇ ಇತ್ತು. ಅಮ್ಮ ಒಮ್ಮೆಗೇ ಇಡೀ ಮನೆ ತುಂಬುವ ಹಾಗೆ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ಹಾಡಲು ಶುರು ಮಾಡಿದಳು. ಎದುರು ಮನೆಯ ಜಗಲಿಯಲ್ಲಿ ರಂಗೋಲಿ ಹಾಕುತ್ತಿದ್ದಾಕೆ ತಲೆಯೆತ್ತಿ ನೋಡಿದರು. ನಾನು ಸೋಫಾದ ಮೇಲೆ ಕೂತೆ. ಕಾಫಿ ಆರಿ ತಣ್ಣಗಾಯಿತು.

ಹಾಗಾದರೆ ಮೂಕಿಯಾದವಳು ಅಮ್ಮನಲ್ಲ, ಝಾರಾ. ಹಾಡನ್ನು ಮೊಬೈಲಿಗೆ ತುಂಬಿಕೊಂಡು ಕೇಳಬಹುದಿತ್ತು, ನಿಜ. ಆದರೆ ಒಂದು ಸಾಲು ಕೇಳಿ, ನಿಲ್ಲಿಸಿ, ಟೈಪು ಮಾಡಿ, ಮತ್ತೆ ಹಿಂದಕ್ಕೆ ಹೋಗಿ ಕೇಳುವುದಕ್ಕೆ ಎರಡೂ ಒಂದೇ ಕಡೆ ಇದ್ದರೆ ಕೈಗೆ ಸುಖ. ಮೇಲಾಗಿ ಅಷ್ಟರಲ್ಲಿ ನನಗೂ ಹಠ ಬಂದಿತ್ತು.

ಸದ್ದಿನ ಸೆಟ್ಟಿಂಗ್ ತೆಗೆದು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಸದ್ದು ಹೋಗುವ ದಾರಿ ಎರಡಿವೆಯಂತೆ. ಒಂದು ಅದರದೇ ಸ್ಪೀಕರಿಗೆ, ಇನ್ನೊಂದು ವೈರು ಹಾಕಿದರೆ ಟಿ.ವಿ.ಗೆ. ಝಾರಾ ಅದನ್ನು ಇಲ್ಲದ ಟಿ.ವಿ.ಗೆ ಕಳಿಸುತ್ತಾ ಕೂತಿದ್ದಳು. ದಾರಿ ಬದಲಿಸಿದೆ. ಆದರೂ ಸದ್ದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿ ಸಿಕ್ಕಳು.

“ಆಂಟಿ, ಟರ್ಮಿನಲ್ ತೆಗೀರಿ. ಕಪ್ಪು ಡಬ್ಬ. ಅದರಲ್ಲಿ ಹೊಡೀರಿ. ಎ, ಎಲ್, ಎಸ್, ಎ...”

“ತಾಳು ಮಗಾ, ನನ್ನ ‘ಎ’ ಅಳಿಸಿಹೋಗಿದೆ.”

“ಆಮೇಲೆ ಮಿಕ್ಸರ್. ಮಧ್ಯೆ ಜಾಗ ಬಿಡಬೇಡಿ.”

“ಯಾವ ಮಿಕ್ಸರು? ರುಬ್ಬೋದೇ?”

“ಸ್ಪೆಲಿಂಗ್ ಅದೇ ಆಂಟಿ.”

ಆಲ್ಸಾಮಿಕ್ಸರ್ ಎಂದು ಹೊಡೆದು ಎಂಟರ್ ಒತ್ತಿದರೆ ಉದ್ದುದ್ದ ಕಂಬಗಳ ಒಂದು ಚಿತ್ರ ಬಂತು. ಎಫ್ 6 ಒತ್ತಿ ಸರಿಯಾದ ಸೌಂಡ್ ಕಾರ್ಡನ್ನು ಆರಿಸಿದೆ. ಒಂದೊಂದು ಕಂಬದ ಬುಡದಲ್ಲೂ ಒಂದೊಂದು ಪುಟ್ಟ ಚೌಕ. ಕೆಲವದರಲ್ಲಿ ಎರಡು ಸೊನ್ನೆಯಂಥವು. ಸ್ಪೀಕರ್ ಎಂದು ಬರೆದ ಕಂಬದ ಬುಡದಲ್ಲಿ ಮಾತ್ರ ಇಂಗ್ಲಿಷಿನ ಎರಡು ‘ಎಂ’. ಮ್ಯೂಟ್ ಎಂಬುದರ ಎಂ. ಬಾಯಿಗೆ ಬೆರಳಿಟ್ಟುಕೊಂಡು ಕೂತಿದೆ ಎಂದರ್ಥ. ಬಾಣದ ಗುರುತಿನ ಕೀಲಿಯಿಂದ ಅಲ್ಲಿಗೆ ಹೋಗಿ ‘ಎಂ’ ಒತ್ತಿದೆ, ಒಂದೇ ಸಲ. ಎರಡು ಎಂ ಹೋಗಿ ಎರಡು ಸೊನ್ನೆ ಬಂದವು. ಆಮೇಲೆ ಹಾಡು ಒತ್ತಿದರೆ ಕರು ಕೂಗಿತು. ಫೋನಿನ ಆ ಕಡೆಯಿಂದ ಹುಡುಗಿ, “ಆಂಟಿ, ಹಸು ಸಾಕಿದ್ದೀರಾ?” ಎಂದಳು.

16 ಹಾಡುಗಳನ್ನು ಮೂರು ವಾರದಲ್ಲಿ ಮುಗಿಸಿದೆ. ಮಧ್ಯಾಹ್ನ ಎರಡರಿಂದ ನಾಲ್ಕು, ಧಾರಾವಾಹಿಯನ್ನೂ ಬಿಟ್ಟು. ಹಳೆಯ 11 ಮಾತ್ರ ಹೊಸ ತಲೆನೋವಾಯಿತು. ಅವನ್ನು ಹಳೆಯ ಕಾಲದ ಅಕ್ಷರಶೈಲಿಯಲ್ಲಿ ಹೊಡೆದಿದ್ದೆ. ಇಲ್ಲಿ ತೆರೆದರೆ ಅಮ್ಮನ ಆರತಿ ಹಾಡು ಇಂಗ್ಲಿಷಿನ ಮುರುಕು ಅಕ್ಷರಗಳ ಗೋಜಲಾಗಿ ಕಾಣುತ್ತಿತ್ತು. ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದೆ, ಅರ್ಕಾವೊತ್ತುಗಳನ್ನು ಕೂತು ತಿದ್ದಿದೆ. ಕೊನೆಗೆ ‘ನವಿಲು’ ಎಂಬ ಫಾಂಟಿನಲ್ಲಿ ಎಲ್ಲವನ್ನೂ ಜೋಡಿಸಿದೆ. ‘ಗುಬ್ಬಿ’ ಎಂಬುದೂ ಒಂದಿದೆ. ಇವನ್ನೂ ಯಾರೋ ಕನ್ನಡದವರು ಮಾಡಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದಾರೆ.

ಉಳಿದದ್ದು ಪ್ರಿಂಟರು. ಅದರ ಕಥೆ ದೊಡ್ಡದು ಮಾಡುವುದಿಲ್ಲ, ಏಕೆಂದರೆ ನಾನು ಸೋತೆ. ಮನೆಯ ಹಳೆಯ ಪ್ರಿಂಟರಿಗೆ ಝಾರಾಳ ಮಾತು ತಿಳಿಯಲೇ ಇಲ್ಲ. ನಾಲ್ಕು ಮಧ್ಯಾಹ್ನ ಹೆಣಗಿದೆ, ಹಾಳೆ ಎಳೆದುಕೊಂಡು ಖಾಲಿಯಾಗಿ ಉಗುಳುವುದಕ್ಕಿಂತ ಮುಂದೆ ಅದು ಹೋಗಲಿಲ್ಲ. ಆ ಹೆಣಗಾಟದ ನಡುವೆ ಓದಿದ ಒಂದು ಸಂಗತಿ ಮಾತ್ರ ಹೇಳುತ್ತೇನೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯವೊಂದಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರನ್ನು ಉಡುಗೊರೆ ಕೊಟ್ಟಿತ್ತು. ಅದರಲ್ಲಿ ಹಾಳೆ ಸಿಕ್ಕಿಕೊಳ್ಳುತ್ತಿತ್ತು. ರಿಚರ್ಡ್ ಸ್ಟಾಲ್‌ಮನ್ ಎಂಬಾತ ಹಿಂದಿನ ಪ್ರಿಂಟರಿಗೆ ಮಾಡಿದ್ದಂತೆ, ಹಾಳೆ ಸಿಕ್ಕಿಕೊಂಡರೆ ಎಲ್ಲರಿಗೂ ತಿಳಿಯುವ ಹಾಗೆ ಇದನ್ನೂ ತಿದ್ದಬೇಕೆಂದಿದ್ದ. ಕಂಪನಿ ಡ್ರೈವರಿನ ಮೂಲಬರಹ ಕೊಟ್ಟಿರಲಿಲ್ಲ. ಅದು ಇದ್ದ ಇನ್ನೊಂದು ವಿಶ್ವವಿದ್ಯಾಲಯದವನನ್ನು ಹುಡುಕಿಕೊಂಡು ಹೋದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದು ಅವನು ಕೈಯಾಡಿಸಿಬಿಟ್ಟ. ಆ ಸಿಟ್ಟು ಒಳಗೇ ಇದ್ದು, 1983ರಲ್ಲಿ ಆತ ಎಲ್ಲರಿಗೂ ಮುಕ್ತವಾದ ತಂತ್ರಾಂಶ ಮಾಡುತ್ತೇನೆಂದು ಹೊರಟ. ಅವರ ಉಪಕರಣಗಳೂ ಹೆಲ್ಸಿಂಕಿಯ ಹುಡುಗನ ತಿರುಳೂ ಸೇರಿದ್ದೇ ಈಗ ನನ್ನ ಮೇಜಿನ ಮೇಲಿರುವುದು. ಓದಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ನನ್ನ ಪ್ರಿಂಟರಿಗೆ ಬಟ್ಟೆ ಹೊದಿಸಿ, ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ಹೋಗಿ 40 ಪ್ರತಿ ತೆಗೆಸಿಕೊಂಡು ಬಂದೆ.

ಮದುವೆಯ ಹಿಂದಿನ ದಿನ ಅಕ್ಕನ ಮನೆಯ ನಡುಮನೆಯಲ್ಲಿ ಹುಡುಗಿಯರು ಹಾಳೆ ಹಿಡಿದು ಅಭ್ಯಾಸಕ್ಕೆ ಕೂತರು. ರಾಗ ತಿಳಿಯಲೆಂದು ಲ್ಯಾಪ್‌ಟಾಪನ್ನೂ ಒಯ್ದಿದ್ದೆ. ಹಸೆಗೆ ಕರೆಯುವ ಹಾಡು ಮುಗಿಯುತ್ತಿದ್ದಂತೆ, ಮೂಲೆಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದ ಚಿಕ್ಕಮ್ಮ, “ಎರಡು ಸಾಲು ನುಂಗಿದ್ರಲ್ಲೇ” ಎಂದರು.

“ಇಲ್ಲ ಚಿಕ್ಕಮ್ಮ, ಅಮ್ಮ ಹಾಡಿದ ಹಾಗೇ ಬರೆದಿದ್ದೀನಿ. ಬೇಕಾದ್ರೆ ಕೇಳಿ” ಎಂದು ಹಾಕಿದೆ. ಅಮ್ಮ ಹಾಡಿದಳು. ಕುಕ್ಕರ್ ಕೂಗಿತು, ಒಂದು, ಎರಡು, ಮೂರು.

“ಅಲ್ಲೇ!” ಎಂದರು ಚಿಕ್ಕಮ್ಮ. “ಆ ಸೀಟಿ ಗಲಾಟೇಲಿ ಅಕ್ಕ ಎರಡು ಸಾಲು ಹಾರಿಸಿಬಿಟ್ಟಿದ್ದಾಳೆ.”

ಚಿಕ್ಕಮ್ಮ ಆ ಎರಡು ಸಾಲು ಹಾಡಿದರು. ಇನ್ನೊಮ್ಮೆ ಹಾಡಿಸಿ ಹಾಡಿನ ನಡುವೆ ಟೈಪು ಮಾಡಿದೆ. 40 ಪ್ರತಿಗಳು ಆಗಲೇ ಆಗಿಹೋಗಿದ್ದವಲ್ಲ, ಹುಡುಗಿಯರೆಲ್ಲ ಪೆನ್ನು ಹಿಡಿದು ಹಾಳೆಗಳ ಅಂಚಿನಲ್ಲಿ ಬರೆದುಕೊಳ್ಳತೊಡಗಿದರು. ಒಳಗಿನಿಂದ ಅಕ್ಕ, “ಒಲೆ ಮೇಲೆ ಏನೋ ಸೀದು ಹೋಗ್ತಿದೆ, ಯಾರಾದ್ರೂ ನೋಡ್ರೇ” ಎಂದು ಕೂಗಿದಳು.